ರೋಲೆಕ್ಸ್ ಡೀಪ್‌ಸೀ: 44 ಮಿಲಿಮೀಟರ್ ಗಡಿಯಾರ ನಮ್ಮ ಮಣಿಕಟ್ಟಿಗೆ ಒಗ್ಗುತ್ತದೆಯೇ?

ಆಳಸಮುದ್ರದ ಡೈವರ್‌ಗಳಿಗೆಂದು ಮಾಡಿದ ರೋಲೆಕ್ಸ್ ಡೀಪ್‌ಸೀ ಗಡಿಯಾರದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಆಕ್ಷೇಪ ಅದರ ದಪ್ಪದ ಕುರಿತಾದದ್ದು. ಕೇಸಿನ, ಅಂದರೆ ಹೊರಕವಚದ, ಅಗಲ 44 ಮಿಲಿಮೀಟರ್, ದಪ್ಪ ಸುಮಾರು 17.7 ಮಿಲಿಮೀಟರ್, ಉಕ್ಕಿನ ಚೈನ್ ಸೇರಿದರೆ ತೂಕ 200 ಗ್ರಾಂ ದಾಟುತ್ತದೆ. ಹತ್ತು ಲಕ್ಷ ರೂಪಾಯಿಗೂ ಹೆಚ್ಚು ಹಣ ಕೊಟ್ಟು ಇಷ್ಟೊಂದು ಲೋಹವನ್ನು ಕೈಗೆ ಕಟ್ಟಿಕೊಳ್ಳುವುದು ನಾಲ್ಕು ಜನ ನೋಡಲಿ ಎಂದಷ್ಟೇ ಎನ್ನುವವರು ಬೆಳಗಾವಿಯಲ್ಲಿಯೂ ಇದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ಗಡಿಯಾರದ ಪ್ರತಿ ಮಿಲಿಮೀಟರ್ ದಪ್ಪಕ್ಕೂ ಒಂದು ಕಾರಣವಿದೆ ಮತ್ತು ಆ ಕಾರಣ ಪ್ರಾಮಾಣಿಕವಾದದ್ದು. ಆದರೆ ಕಾರಣ ಎಷ್ಟೇ ಗಟ್ಟಿಯಾಗಿದ್ದರೂ ಅದರ ಭಾರವನ್ನು ಬೆಳಗಿನಿಂದ ಸಂಜೆಯವರೆಗೆ ಹೊರಬೇಕಾದದ್ದು ಮಣಿಕಟ್ಟು. ಆದ್ದರಿಂದ ವಿನ್ಯಾಸವನ್ನು ಮೆಚ್ಚುವುದು ಒಂದು ಪ್ರಶ್ನೆ, ಕೊಳ್ಳುವುದು ಇನ್ನೊಂದು ಪ್ರಶ್ನೆ.

ನಾನು ಬರೆಯುತ್ತಿರುವುದು 2018ರಲ್ಲಿ ಬಂದ, 126660 ಸಂಖ್ಯೆಯ, ನೀಲಿಯಿಂದ ಕಪ್ಪಿಗೆ ಇಳಿಯುವ ಡಯಲ್‌ನ ಮಾದರಿಯ ಬಗ್ಗೆ. ಅದು ನನ್ನ ಚಿಕ್ಕಪ್ಪನ ಮಗನದು. ಕಡಲಿನೊಳಗಿನ ತೈಲಬಾವಿಗಳ ಕೆಲಸಕ್ಕೆ ಡೈವರ್‌ಗಳನ್ನು ಒಯ್ಯುವ ಹಡಗಿನಲ್ಲಿ ಅವನು ನೌಕರಿ ಮಾಡುತ್ತಾನೆ. ರಜೆಗೆಂದು ಊರಿಗೆ ಬಂದಾಗ ಗಡಿಯಾರ ಅವನ ಕೈಗಿಂತ ನನ್ನ ಕೈಯಲ್ಲಿಯೇ ಹೆಚ್ಚು ಇತ್ತು. ನನ್ನದು ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳನ್ನು ಲೇತ್‌ನಲ್ಲಿ ಕೊರೆದು ಕೊಡುವ ವೃತ್ತಿಯಾದ್ದರಿಂದ, ಒತ್ತಡ ತಾಳುವ ಯಾವುದೇ ವಸ್ತು ಕೈಗೆ ಸಿಕ್ಕರೆ ಅದರ ಸೀಲು ಎಲ್ಲಿದೆ, ಭಾರ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುವುದು ಅಭ್ಯಾಸವಾಗಿದೆ.

ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗೆ ಇಳಿದಂತೆ ಒತ್ತಡ ಹೆಚ್ಚುಕಡಿಮೆ ಒಂದು ಬಾರ್ ಏರುತ್ತದೆ (ಬಾರ್ ಎಂಬುದು ಒತ್ತಡದ ಅಳತೆ). ಡೀಪ್‌ಸೀಯ ಘೋಷಿತ ಆಳ 3,900 ಮೀಟರ್. ಅಂದರೆ ಅದು ಸುಮಾರು 390 ಬಾರ್ ತಾಳಬೇಕು. ಪರೀಕ್ಷೆಯ ತೊಟ್ಟಿಯಲ್ಲಿ ಅದಕ್ಕೂ ಶೇಕಡಾ 25ರಷ್ಟು ಹೆಚ್ಚಿನ ಒತ್ತಡವನ್ನು ತಾಳಿ ತೋರಿಸಬೇಕು. ನಾನು ದಿನವೂ ನೋಡುವ ಹೈಡ್ರಾಲಿಕ್ ಸಿಲಿಂಡರ್‌ಗಳಲ್ಲಿ ಬಹುಪಾಲು 200ರಿಂದ 250 ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ, ಅವುಗಳ ಗೋಡೆ ಎಷ್ಟು ದಪ್ಪವಿರುತ್ತದೆ ಎಂಬುದು ಇಲ್ಲಿಯ ಫೌಂಡ್ರಿಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಲೆಕ್ಕ ಹಾಕಿದರೆ ಆ ಆಳದಲ್ಲಿ ಗಡಿಯಾರದ ಗಾಜಿನ ಮೇಲೆ ಬೀಳುವ ಬಲ ಮೂರು ಟನ್ನಿನಷ್ಟಾಗುತ್ತದೆ. ಕೈಗೆ ಕಟ್ಟುವ ವಸ್ತುವಿನಲ್ಲಿ ಇದನ್ನು ಸಾಧಿಸಿದ ರೀತಿಯೇ ಡೀಪ್‌ಸೀಯ ನಿಜವಾದ ಸೌಂದರ್ಯ.

ಸಾಮಾನ್ಯ ಗಡಿಯಾರದಲ್ಲಿ ಗಾಜಿನ ಮೇಲಿನ ಒತ್ತಡವನ್ನೆಲ್ಲ ಹೊರಗಿನ ಕೇಸೇ ಹೊರುತ್ತದೆ. ಡೀಪ್‌ಸೀಯಲ್ಲಿ ಕೇಸಿನೊಳಗೆ ನೈಟ್ರೋಜನ್ ಬೆರೆತ ಗಟ್ಟಿ ಉಕ್ಕಿನ ಒಂದು ಉಂಗುರವಿದೆ. ಮೇಲಿನಿಂದ 5.5 ಮಿಲಿಮೀಟರ್ ದಪ್ಪದ ಉಬ್ಬಿದ ಸಫೈರ್ ಗಾಜು ಆ ಉಂಗುರದ ಮೇಲೆ ಕೂರುತ್ತದೆ, ಕೆಳಗಿನಿಂದ ಗ್ರೇಡ್ 5 ಟೈಟಾನಿಯಂನ ಹಿಂಬದಿ ಮುಚ್ಚಳ ಅದೇ ಉಂಗುರಕ್ಕೆ ಒತ್ತಿಕೊಳ್ಳುತ್ತದೆ. ನೀರು ಎರಡು ಕಡೆಯಿಂದ ಎಷ್ಟು ಒತ್ತಿದರೂ ಭಾರ ನಡುವಿನ ಉಂಗುರಕ್ಕೆ ಹೋಗುವುದರಿಂದ, ಹೊರಗಿನ ಕೇಸು ಅಷ್ಟು ದಪ್ಪವಾಗಬೇಕಿಲ್ಲ. ರೋಲೆಕ್ಸ್ ಇದನ್ನು ರಿಂಗ್‌ಲಾಕ್ ಎಂದು ಕರೆಯುತ್ತದೆ. 2008ರಲ್ಲಿ ಮೊದಲ ಡೀಪ್‌ಸೀ ಬಂದಾಗಿನಿಂದ ಈ ರಚನೆ ಹಾಗೆಯೇ ಇದೆ. ಹೀಗಾಗಿ, 17.7 ಮಿಲಿಮೀಟರ್ ಎಂಬುದು ದಪ್ಪವನ್ನು ಆದಷ್ಟು ಕಡಿಮೆ ಮಾಡಿದ ಮೇಲೆ ಉಳಿದ ಅಳತೆ. ಟೈಟಾನಿಯಂ ಮುಚ್ಚಳವನ್ನು ತೂಕ ಇಳಿಸಲು ಹಾಕಿದ್ದಾರೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಆಳದಲ್ಲಿ ಮುಚ್ಚಳ ತುಸು ಬಾಗಿ, ಒತ್ತಡ ಇಳಿದಾಗ ಮತ್ತೆ ಮೊದಲಿನ ಆಕಾರಕ್ಕೆ ಮರಳಬೇಕು, ಆ ಗುಣ ಈ ಲೋಹಕ್ಕಿದೆ.

ಈ ಉಂಗುರದಿಂದ ನೋಟಕ್ಕೆ ಒಂದು ನಷ್ಟವೂ ಆಗಿದೆ. ಗಾಜಿಗೂ ಡಯಲ್‌ಗೂ ನಡುವೆ ಉಕ್ಕಿನ ಅಗಲವಾದ ಗೋಡೆ ನಿಲ್ಲುವುದರಿಂದ ಡಯಲ್ ಕೇಸಿನ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದಾಗಿ, ಬಾವಿಯ ಕಟ್ಟೆಯ ಮೇಲೆ ನಿಂತು ಒಳಗೆ ಇಣುಕಿದಂತೆ ಕಾಣುತ್ತದೆ. ಆ ಗೋಡೆಯ ಮೇಲೆ ಗ್ಯಾಸ್ ವಾಲ್ವ್ ಮತ್ತು ರಿಂಗ್‌ಲಾಕ್ ಹೆಸರುಗಳನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಕೆತ್ತಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಇಷ್ಟು ಒಳ್ಳೆಯ ಯಂತ್ರ ತನ್ನ ಹೆಚ್ಚುಗಾರಿಕೆಯನ್ನು ತಾನೇ ಬರೆದು ಹೇಳುವ ಅಗತ್ಯವಿರಲಿಲ್ಲ. ದಿನಾಂಕದ ಕಿಂಡಿಯ ಮೇಲೆ ರೋಲೆಕ್ಸ್‌ನ ಗುರುತೇ ಆಗಿರುವ ಭೂತಗಾಜು ಇಲ್ಲಿಲ್ಲ. ರೋಲೆಕ್ಸ್‌ನದೇ ಚಿಕ್ಕ ಡೈವಿಂಗ್ ಗಡಿಯಾರವಾದ ಸಬ್‌ಮರೀನರ್ ಕಟ್ಟಿ ಅಭ್ಯಾಸವಾದವರಿಗೆ ಇದು ಕೊರತೆ ಎನ್ನಿಸಬಹುದು, ನನ್ನ ಕಣ್ಣಿಗೆ ಡಯಲ್ ಅದರಿಂದ ಸಮತೋಲನದಲ್ಲಿ ಉಳಿದಿದೆ.

ನೀಲಿ-ಕಪ್ಪು ಡಯಲ್‌ನ ಹಿಂದೆ ಒಂದು ಪ್ರಸಂಗವಿದೆ. ಚಿತ್ರ ನಿರ್ದೇಶಕ ಜೇಮ್ಸ್ ಕ್ಯಾಮರೂನ್ 2012ರ ಮಾರ್ಚ್ 26ರಂದು ಮರಿಯಾನಾ ಕಂದಕದ ತಳಕ್ಕೆ ಒಬ್ಬರೇ ಇಳಿದರು. ಅವರ ಜಲವಾಹನದ ಯಾಂತ್ರಿಕ ತೋಳಿಗೆ ರೋಲೆಕ್ಸ್‌ನ ಒಂದು ಪ್ರಾಯೋಗಿಕ ಗಡಿಯಾರವನ್ನು ಕಟ್ಟಲಾಗಿತ್ತು. ಅದರ ನೆನಪಿಗೆಂದು 2014ರಲ್ಲಿ ಈ ಡಯಲ್ ಬಂದಿತು; ಮೇಲೆ ಹಸಿರು ಅಕ್ಷರದಲ್ಲಿ ಬರೆದ ಹೆಸರಿನ ಬಣ್ಣ ಆ ಜಲವಾಹನದ್ದು. ಮನೆಯೊಳಗೆ ಈ ಡಯಲ್ ಬಹುತೇಕ ಕಪ್ಪಾಗಿಯೇ ಕಾಣುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೈ ಹೊರಳಿಸಿದಾಗ ಮಾತ್ರ ಮೇಲಿನ ಅರ್ಧದ ನೀಲಿ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಎಡಬದಿಯ ಹೀಲಿಯಂ ವಾಲ್ವ್ ನಮ್ಮ ಬಳಕೆಗೆ ಬೇಕಾದದ್ದಲ್ಲ. ಅದರ ಉಪಯೋಗವನ್ನು ಕೇಳಿದಾಗ ಚಿಕ್ಕಪ್ಪನ ಮಗ ಹೇಳಿದ್ದು ಇಷ್ಟು: "ಡೈವರ್‌ಗಳು ವಾರಗಟ್ಟಲೆ ಚೇಂಬರ್‌ನಾಗ ಇರ್ತಾರ ಅಣ್ಣಾ, ಅಲ್ಲಿ ಉಸಿರಾಡೋ ಗಾಳಿಯೊಳಗ ಹೀಲಿಯಂ ಇರ್ತೈತಿ. ಅದು ವಾಚಿನೊಳಗೂ ಹೊಕ್ಕೋತೈತಿ. ಒತ್ತಡ ಇಳಸೂ ಮುಂದ ಅದಕ್ಕ ಹೊರಗ ಬರಾಕ ಹಾದಿ ಬೇಕಲ್ಲ, ಇಲ್ಲಾಂದ್ರ ಗಾಜ ಹಾರತೈತಿ." ರೋಲೆಕ್ಸ್‌ನ ಇನ್ನೊಂದು ಡೈವಿಂಗ್ ಗಡಿಯಾರವಾದ, 1967ರ ಸೀ-ಡ್ವೆಲ್ಲರ್‌ನಿಂದ ಬಂದ ಪರಿಹಾರವಿದು. ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿ ಬರುವ ಹವ್ಯಾಸಿಗಳಿಗೂ ಇದು ಬೇಕಾಗುವುದಿಲ್ಲ.

ಇನ್ನು ಮಣಿಕಟ್ಟಿನ ವಿಷಯ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಕೇಸಿನ ಅಗಲವನ್ನು. 44 ಎಂದ ಕೂಡಲೇ ಕೆಲವರು ಹಿಂದೆ ಸರಿಯುತ್ತಾರೆ, ಕೆಲವರು ಹಿಗ್ಗುತ್ತಾರೆ. ಎರಡೂ ಅವಸರದ ನಿರ್ಧಾರ. ಗಡಿಯಾರ ಕೈಮೇಲೆ ಹೇಗೆ ಕೂರುತ್ತದೆ ಎಂಬುದನ್ನು ನಿರ್ಧರಿಸುವುದು ಮೇಲಿನ ಲಗ್ (ಚೈನ್ ಸಿಕ್ಕಿಸುವ ಕೇಸಿನ ಕೊಂಬು) ತುದಿಯಿಂದ ಕೆಳಗಿನ ಲಗ್ ತುದಿಯವರೆಗಿನ ಉದ್ದ. ಡೀಪ್‌ಸೀಯಲ್ಲಿ ಅದು 50 ಮಿಲಿಮೀಟರ್ ಮೀರುತ್ತದೆ, ಅದಕ್ಕೆ ಚೈನಿನ ಮೊದಲ ಕೊಂಡಿಯೂ ಸೇರಿಕೊಳ್ಳುತ್ತದೆ, ಏಕೆಂದರೆ ಆ ಕೊಂಡಿ ಲಗ್‌ನಿಂದ ಹೊರಬಂದ ತಕ್ಷಣ ಕೆಳಗೆ ಮಡಿಯುವುದಿಲ್ಲ. ಆದ್ದರಿಂದ ಮಣಿಕಟ್ಟಿನ ಸುತ್ತಳತೆಗಿಂತ ಮೇಲ್ಭಾಗದ ಸಮತಟ್ಟು ಜಾಗ ಎಷ್ಟಿದೆ ಎಂದು ಅಳೆದುಕೊಳ್ಳಬೇಕು. ಸುತ್ತಳತೆ ಒಂದೇ ಇದ್ದರೂ ಒಬ್ಬರ ಮಣಿಕಟ್ಟು ದುಂಡಗೆ, ಇನ್ನೊಬ್ಬರದು ಚಪ್ಪಟೆಯಾಗಿ ಇರುತ್ತದೆ. ನನ್ನದು ಏಳು ಇಂಚಿಗೆ ಸ್ವಲ್ಪ ಕಡಿಮೆ, ಆದರೆ ಚಪ್ಪಟೆ. ಲಗ್‌ಗಳು ಅಂಚನ್ನು ದಾಟಲಿಲ್ಲ. ಇಷ್ಟೇ ಸುತ್ತಳತೆಯ, ದುಂಡು ಮಣಿಕಟ್ಟಿನ ನನ್ನ ಅಳಿಯನ ಕೈಮೇಲೆ ಎರಡೂ ಬದಿಗೆ ಬೆರಳು ತೂರುವಷ್ಟು ಸಂದು ಉಳಿಯಿತು.

ಎತ್ತರದ ಸಮಸ್ಯೆ ಅಗಲದ ಸಮಸ್ಯೆಗಿಂತ ದೊಡ್ಡದು. ಗಡಿಯಾರದ ಭಾರವೆಲ್ಲ ಚರ್ಮದಿಂದ ಮೇಲೆ ಎತ್ತರದಲ್ಲಿದೆ, ಚರ್ಮಕ್ಕೆ ತಾಗುವುದು ಸ್ವಲ್ಪ ಉಬ್ಬಿದ ಟೈಟಾನಿಯಂ ಮುಚ್ಚಳ ಮಾತ್ರ. ಚೈನ್ ಸ್ವಲ್ಪ ಸಡಿಲವಾದರೂ ಗಡಿಯಾರ ಹೊರಳಿ ಕೈಯ ಹೊರಬದಿಗೆ ಜಾರುತ್ತದೆ, ಚಾವಿ ಮುಂಗೈಗೆ ಒತ್ತುತ್ತದೆ. ಬೈಕಿನ ಕ್ಲಚ್ ಹಿಡಿದು ಖಾನಾಪುರ ರಸ್ತೆಯ ದಟ್ಟಣೆಯಲ್ಲಿ ನಿಂತಾಗ ಈ ಒತ್ತು ಚೆನ್ನಾಗಿ ಗೊತ್ತಾಗುತ್ತದೆ. ಖಡೇಬಜಾರ್ ಕಡೆ ದಶಕಗಳಿಂದ ಗಡಿಯಾರ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರಿಗೆ ಇದನ್ನು ತೋರಿಸಿದಾಗ, ಅವರು ಗಡಿಯಾರದ ಮುಖವನ್ನೂ ನೋಡದೆ ನನ್ನ ಕೈಯನ್ನೇ ಹಿಡಿದು ಅತ್ತಿತ್ತ ಅಲ್ಲಾಡಿಸಿದರು. "ಚೈನ ಸಡ್ಲ ಇಟ್ಟೀರಿ ಸರ, ಅದಕ್ಕ ಹೊಳ್ಳತೈತಿ. ಒಂದ ಹಲ್ಲ ಒಳಗ ತಗೋರಿ," ಎಂದರು. ಒಂದು ಹಲ್ಲು ಎಂದರೆ ಎರಡು ಮಿಲಿಮೀಟರ್. ಅಷ್ಟರಿಂದಲೇ ಗಡಿಯಾರ ನಿಂತಲ್ಲಿ ನಿಂತಿತು.

ಆ ಹಲ್ಲುಪಟ್ಟಿಯೇ ಗ್ಲೈಡ್‌ಲಾಕ್. ಈ ಗಡಿಯಾರವನ್ನು ಕಟ್ಟುವಂತೆ ಮಾಡಿರುವ ಭಾಗ ಇದೇ ಎಂದು ಧೈರ್ಯವಾಗಿ ಹೇಳುತ್ತೇನೆ. ಕೊಕ್ಕೆಯನ್ನು ಬಿಚ್ಚಿ ತಿರುಗಿಸಿದರೆ ಒಳಗೆ ನುಣ್ಣಗೆ ಕೊರೆದ ಸಾಲು ಹಲ್ಲುಗಳು ಕಾಣುತ್ತವೆ. ಚೈನಿನ ತುದಿಯನ್ನು ಹಲ್ಲಿನಿಂದ ಎತ್ತಿ, ಬೇಕಾದಷ್ಟು ಸರಿಸಿ, ಮತ್ತೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಪಿನ್ನೂ ಬೇಡ, ಸ್ಕ್ರೂಡ್ರೈವರೂ ಬೇಡ. ಹೀಗೆ ಸುಮಾರು 20 ಮಿಲಿಮೀಟರ್‌ವರೆಗೆ ಉದ್ದ ಹೆಚ್ಚಿಸಬಹುದು. ಡೈವಿಂಗ್ ಉಡುಪಿನ ಮೇಲೆ ಕಟ್ಟಲು ಇನ್ನೂ 26 ಮಿಲಿಮೀಟರ್ ಬಿಚ್ಚಿಕೊಳ್ಳುವ ಮಡಿಕೆ ಬೇರೆ ಇದೆ. ನಮಗೆ ಉಪಯೋಗ ಬೀಳುವುದು ಬೇಸಿಗೆಯಲ್ಲಿ. ಮೇ ತಿಂಗಳಲ್ಲಿ ಬೆಳಗಾವಿಯ ಬೆಳಗಿನ ತಂಪಿನಲ್ಲಿ ಸರಿಯಾಗಿದ್ದ ಚೈನ್, ವಿಜಯಪುರ ತಲುಪಿ ಬಿಸಿಲೇರುವ ಹೊತ್ತಿಗೆ ಊದಿದ ಕೈಗೆ ಬಿಗಿಯಾಗುತ್ತದೆ; ಕಾರಿನಲ್ಲಿ ಕುಳಿತೇ ಎರಡು ಹಲ್ಲು ಸಡಿಲಿಸಿಕೊಳ್ಳಬಹುದು, ರಾತ್ರಿ ಮತ್ತೆ ಬಿಗಿ ಮಾಡಬಹುದು. ಹಲ್ಲುಗಳ ಅಳತೆಯ ನಿಖರತೆಯನ್ನು ನೋಡಿ ವೃತ್ತಿಯವನಾಗಿ ನನಗೆ ಅಸೂಯೆಯಾಯಿತು.

2008ರ ಮೊದಲ ಮಾದರಿಯ ಚೈನ್ ಕೇಸಿನ ಗಾತ್ರಕ್ಕೆ ಸಣ್ಣದಾಗಿತ್ತು, ತಲೆಭಾರ ಎಂಬ ದೂರು ಅದರ ಮೇಲೆ ಹೆಚ್ಚಾಗಿತ್ತು. 2018ರ ಮಾದರಿಯಲ್ಲಿ ಲಗ್‌ಗಳನ್ನು ತಿದ್ದಿ ಚೈನನ್ನು ಅಗಲ ಮಾಡಿದ್ದಾರೆ. ಎರಡನ್ನೂ ಒಂದೇ ದಿನ ಕಟ್ಟಿ ನೋಡಿದವರಿಗೆ ಅಳತೆಯ ಕಾಗದ ಹೇಳುವುದಕ್ಕಿಂತ ವ್ಯತ್ಯಾಸ ಹೆಚ್ಚು ಅನ್ನಿಸುತ್ತದೆ. ಹಳೆಯದನ್ನು ಕಡಿಮೆ ಬೆಲೆಗೆ ಕೊಳ್ಳಲು ಹೊರಟವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಟ್ಟೆಯ ತೊಂದರೆಗೆ ಮಾತ್ರ ಗಡಿಯಾರದಲ್ಲಿ ಪರಿಹಾರವಿಲ್ಲ. ತುಂಬುತೋಳಿನ ಅಂಗಿಯ ಗುಂಡಿ ಹಾಕಿದರೆ ತೋಳಿನ ಅಂಚು ಗಾಜಿನ ಸುತ್ತಲಿನ ತಿರುಗುವ ಬಳೆಗೆ, ಅಂದರೆ ಬೆಜೆಲ್‌ಗೆ, ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಮದುವೆ, ಸಭೆಗಳಿಗೆ ಕೋಟು ಹಾಕುವವರು ಎಡಗೈಯ ತೋಳಿನಂಚನ್ನು ಅರ್ಧ ಇಂಚು ಸಡಿಲ ಇಡಲು ದರ್ಜಿಗೆ ಹೇಳಬೇಕಾಗುತ್ತದೆ. ಮೇಜಿನ ಮೇಲೆ ಕೈಯಿಟ್ಟು ಬರೆಯುವವರಿಗೆ ದಪ್ಪ ಕೊಕ್ಕೆಯೂ ಅಡ್ಡಿ.

ಉಳಿದ ವಿಷಯಗಳಲ್ಲಿ ದೂರಲು ಏನೂ ಇಲ್ಲ. ಒಳಗಿನ 3235 ಸಂಖ್ಯೆಯ ಯಂತ್ರ ಕೈಯಿಂದ ತೆಗೆದಿಟ್ಟ ಮೇಲೂ 70 ಗಂಟೆ ನಡೆಯುತ್ತದೆ. ಶನಿವಾರ ಸಂಜೆ ತೆಗೆದಿಟ್ಟರೆ ಮಂಗಳವಾರ ಬೆಳಿಗ್ಗೆಯೂ ಓಡುತ್ತಿರುತ್ತದೆ. ದಿನಕ್ಕೆ ಎರಡು ಸೆಕೆಂಡಿನೊಳಗಿನ ನಿಖರತೆಯ ಭರವಸೆಯನ್ನು ಅದು ಉಳಿಸಿಕೊಂಡಿತು. ಕರೆಂಟ್ ಹೋದ ರಾತ್ರಿ ಮುಳ್ಳುಗಳ ನೀಲಿ ಬೆಳಕು ಸ್ಪಷ್ಟ. ಒಂದೇ ದಿಕ್ಕಿಗೆ ತಿರುಗುವ ಸೆರಾಮಿಕ್ ಬೆಜೆಲ್ ಒಂದು ಸುತ್ತಿಗೆ 120 ಬಾರಿ ಕಟಕಟ ಎನ್ನುತ್ತದೆ, ಒಂದು ಹಲ್ಲೂ ಸಡಿಲವಿಲ್ಲ.

ಮಣಿಕಟ್ಟಿನ ಮೇಲ್ಭಾಗ ಚಪ್ಪಟೆಯಾಗಿದ್ದು, ಚೈನನ್ನು ಬಿಗಿಯಾಗಿ ಕಟ್ಟುವ ಅಭ್ಯಾಸವಿದ್ದವರು ಡೀಪ್‌ಸೀಯನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಮಣಿಕಟ್ಟು ಆರೂವರೆ ಇಂಚಿನ ಕೆಳಗಿದ್ದರೆ ಅಥವಾ ದುಂಡಗಿದ್ದರೆ, 43 ಮಿಲಿಮೀಟರಿನ ಸೀ-ಡ್ವೆಲ್ಲರ್ ಕಟ್ಟಿ ನೋಡುವುದು ಮೇಲು. ಅದರ ಆಳ 1,220 ಮೀಟರ್. ದಪ್ಪದಲ್ಲಿ ಅದು ಡೀಪ್‌ಸೀಗಿಂತ ಎರಡು ಮಿಲಿಮೀಟರಿಗೂ ಮಿಗಿಲಾಗಿ ತೆಳು. ಅದೂ ಭಾರವೆನಿಸಿದರೆ 41 ಮಿಲಿಮೀಟರಿನ ಸಬ್‌ಮರೀನರ್ ಇದೆ, ಗ್ಲೈಡ್‌ಲಾಕ್ ಅದರಲ್ಲಿಯೂ ಸಿಗುತ್ತದೆ. ಮುಂಬೈಗೋ ಬೆಂಗಳೂರಿಗೋ ಹೋಗಿ ಅಂಗಡಿಯಲ್ಲಿ ಕಟ್ಟಿ ನೋಡುವಾಗ ಕನ್ನಡಿಯ ಮುಂದೆ ಕೈಯೆತ್ತಿ ನಿಲ್ಲುವುದರಿಂದ ಏನೂ ತಿಳಿಯುವುದಿಲ್ಲ. ಚೈನಿನ ಕೊಂಡಿಗಳನ್ನು ನಿಮ್ಮ ಅಳತೆಗೆ ತೆಗೆಸಿ, ಕೈಯನ್ನು ಕೆಳಗೆ ಇಳಿಬಿಟ್ಟು ಅರ್ಧ ಗಂಟೆ ಅಂಗಡಿಯಲ್ಲೇ ಓಡಾಡಿ, ಗಡಿಯಾರ ಎಷ್ಟು ಸಲ ಹೊರಳಿತು ಎಂದು ನೋಡಿಕೊಳ್ಳಿ.