ಸೇಂಟ್ ಮೇರೀಸ್ ದ್ವೀಪ: ಘಟ್ಟದ ಮೇಲಿನವರು ಕಂಡಂತೆ

ಜನವರಿಯ ಒಂದು ಭಾನುವಾರ ನಾವು ಐದು ಮಂದಿ ನಸುಕಿನಲ್ಲೇ ತೀರ್ಥಹಳ್ಳಿ ಬಿಟ್ಟು, ಆಗುಂಬೆ ಘಾಟಿಯ 14 ತಿರುವುಗಳನ್ನು ಮಂಜಿನಲ್ಲಿ ನಿಧಾನವಾಗಿ ಇಳಿದು, ಉಡುಪಿಯನ್ನು ಹಾದು ಮಲ್ಪೆ ತಲುಪಿದೆವು. ಕರಾವಳಿಯ ಬಿಸಿಲಿಗೆ ಒಗ್ಗದ ನಮ್ಮಂಥವರು ಬೆಳಗಿನ ಮೊದಲ ದೋಣಿಯನ್ನೇ ಹಿಡಿಯುವುದು ಲೇಸು. ದ್ವೀಪದ ನಡುವೆ ತೆಂಗಿನ ಮರಗಳಿದ್ದರೂ, ನೋಡಬೇಕಾದ ಕಲ್ಲುಗಳ ಬಳಿ ನೆರಳೆಂಬುದಿಲ್ಲ. ಮಳೆಗಾಲದಲ್ಲಂತೂ ದೋಣಿ ಸಂಚಾರವೇ ಇರುವುದಿಲ್ಲ.

ಈ ದ್ವೀಪಕ್ಕೆ ಹೋಗಬೇಕಾದದ್ದು ಆ ಕಲ್ಲುಗಳಿಗಾಗಿಯೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಬೇಸಿಗೆಯಲ್ಲಿ ಒಣಗಿದ ಗದ್ದೆಯ ಮಣ್ಣು ಬಿರಿಯುವಂತೆ ಬಿರಿದು, ಐದು, ಆರು, ಏಳು ಮುಖಗಳ ಕಂಬಗಳಾಗಿ ನಿಂತಿದೆ. ಕೆಲವೆಡೆ ಅವು ಮಳೆಗಾಲಕ್ಕೆಂದು ಕೊಟ್ಟಿಗೆಯಲ್ಲಿ ಒಟ್ಟಿದ ಸೌದೆಯಂತೆ ಕಂಡವು. ನಮ್ಮತ್ತೆಯವರು ಇವನ್ನು ಯಾರೋ ಕಡೆದು ನಿಲ್ಲಿಸಿದ್ದಾರೆಂದೇ ಬಹಳ ಹೊತ್ತು ವಾದಿಸಿದರು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ದ್ವೀಪಕ್ಕೆ ಈ ಹೆಸರಿಟ್ಟನೆಂಬ ಪ್ರತೀತಿಯೂ ಇದೆಯಾದರೂ, ಈ ಕಂಬಗಳ ಮುಂದೆ ಅದು ನಿನ್ನೆ ಮೊನ್ನೆಯ ಮಾತು.

ದೋಣಿಯವರು ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟು, ಕಟ್ಟಿಕೊಂಡದ್ದನ್ನು ಪರೀಕ್ಷಿಸಿಯೇ ಹೊರಟರು. ನನ್ನ ಆಕ್ಷೇಪವಿರುವುದು ಸಮಯದ ಬಗ್ಗೆ: ಒಂದು ಗಂಟೆ ಕಳೆಯುತ್ತಲೇ ಸೀಟಿ ಊದಿ ಕರೆದರು, ಟಿಕೆಟ್ ಕೊಡುವಾಗ ಆ ಮಾತನ್ನೇ ಎತ್ತಿರಲಿಲ್ಲ. ಸಮುದ್ರದಲ್ಲಿ ಕಾಲು ನೆನೆಸುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿತ್ತು. ಆದ್ದರಿಂದ ಇಳಿದೊಡನೆ ಕಂಬಗಳತ್ತ ನಡೆಯಿರಿ. ನೀರಾಟಕ್ಕೆ ಮಲ್ಪೆಯ ಕಡಲತೀರವೇ ಸಾಕು. ದಡದ ತುಂಬ ಚಿಪ್ಪಿನ ಚೂರುಗಳಿರುವುದರಿಂದ ಬರಿಗಾಲಿನಲ್ಲಿ ನಡೆಯುವುದು ಕಷ್ಟ, ಕಲ್ಲುಗಳೂ ಅಲೆ ಬಡಿಯುವಲ್ಲಿ ಜಾರುತ್ತವೆ. ಹಿಡಿತವಿರುವ ಚಪ್ಪಲಿ ಬೇಕು.

ಮಗ ಆರು ಮುಖದ ಚೂರೊಂದನ್ನು ಜೇಬಿಗಿಳಿಸಿದ್ದ. ದೋಣಿ ಹತ್ತುವ ಮೊದಲು ಅದನ್ನು ಎತ್ತಿಕೊಂಡಲ್ಲಿಯೇ ಇಡಿಸಿ ಬಂದದ್ದರಿಂದ ಕೊನೆಯವರಾಗಿ ಹತ್ತಿದವರು ನಾವೇ.