ನಮ್ಮ ಬಡಾವಣೆಯ ಜನಪದ ಸಂಜೆಗಳು: ಚೆನ್ನಾಗಿದ್ದದ್ದು, ಕೈಕೊಟ್ಟದ್ದು

ಮೈಸೂರಿನಲ್ಲಿ ಸಂಗೀತ ಕಛೇರಿಗಳಿಗೆ ಬರ ಇಲ್ಲ. ದಸರಾಕ್ಕೆ ಅರಮನೆ ಮುಂದೆ, ಗಣೇಶನ ಹಬ್ಬಕ್ಕೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ, ರಾಮನವಮಿಗೆ ಇನ್ನೆಲ್ಲೋ. ಆದರೆ ಜನಪದ ಹಾಡುಗಾರರನ್ನು ನಾವು ನೋಡುವುದು ಎಲ್ಲಿ ಹೇಳಿ? ಜಂಬೂಸವಾರಿಯ ದಿನ ಕಂಸಾಳೆಯವರು, ಡೊಳ್ಳಿನವರು, ವೀರಗಾಸೆಯವರು ಸಾಲಾಗಿ ನಡೆದು ಹೋಗುತ್ತಾರೆ, ಒಂದೊಂದು ತಂಡ ಕಣ್ಣ ಮುಂದೆ ಇರುವುದು ಸ್ವಲ್ಪ ಹೊತ್ತು, ಫೋನ್ ತೆಗೆಯುವಷ್ಟರಲ್ಲಿ ಮುಂದಿನ ತಂಡ ಬಂದಿರುತ್ತದೆ. ಇಲ್ಲ ಅಂದರೆ ಮಂತ್ರಿಗಳು ಬರುವ ಸಭೆಯಲ್ಲಿ ಬಾಗಿಲ ಹತ್ತಿರ ಸ್ವಾಗತಕ್ಕೆ ನಿಲ್ಲಿಸಿರುತ್ತಾರೆ. ಕೂತು ಕೇಳುವ ಜಾಗ ತೀರಾ ಕಡಿಮೆ.

ನಮ್ಮ ಬಡಾವಣೆಯ ನಿವಾಸಿಗಳ ಬಳಗ ಈ ಸಲ ಜನವರಿಯಿಂದ ಏಪ್ರಿಲ್‌ವರೆಗೆ ಸಮುದಾಯ ಭವನದಲ್ಲಿ ಜನಪದ ಸಂಜೆಗಳನ್ನು ನಡೆಸಿತು. ನಡೆಸಿದವರು ಯಾರೂ ಕಾರ್ಯಕ್ರಮ ಮಾಡಿಸುವ ಕಸುಬಿನವರಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಂದಿಬ್ಬರು, ಒಬ್ಬ ಶಾಲಾ ಮೇಡಂ, ಬೈಕ್ ಇರುವ ನಾಲ್ಕಾರು ಹುಡುಗರು. ಅವರು ಮಾಡಿದ ಒಳ್ಳೆಯ ತೀರ್ಮಾನ ಒಂದೇ, ಅದರಿಂದಲೇ ಬಹುಪಾಲು ಸಂಜೆಗಳು ಗೆದ್ದವು: ಒಂದು ಸಂಜೆಗೆ ಒಂದೇ ಮೇಳ, ಹಾಡುವವರಿಗೆ ಸಾಕು ಅನ್ನಿಸುವವರೆಗೆ ಹೊತ್ತು. ಮುಖ್ಯ ಅತಿಥಿ ಇಲ್ಲ, ಶಾಲು ಹಾರ ಇಲ್ಲ, ದೀಪ ಬೆಳಗುವುದು ಕೂಡ ಇಲ್ಲ. ಈ ನಿಯಮವನ್ನು ಮುರಿದ ಸಂಜೆ ಹಾಳಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯದು ಮಳವಳ್ಳಿ ಕಡೆಯ ನೀಲಗಾರರ ಮೇಳ. ಮಂಟೇಸ್ವಾಮಿ ಕಾವ್ಯ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಂಟೇಸ್ವಾಮಿ ಈ ಕಡೆಯ ಜನ ನಡೆದುಕೊಳ್ಳುವ ಸಂತ, ರಾಚಪ್ಪಾಜಿ, ಸಿದ್ದಪ್ಪಾಜಿ ಅವರ ಶಿಷ್ಯರು. ಇವರ ಒಕ್ಕಲಾಗಿ, ಅಂದರೆ ಮನೆತನದ ಭಕ್ತರಾಗಿ, ದೀಕ್ಷೆ ತೆಗೆದುಕೊಂಡು ಈ ಕಥೆ ಹಾಡುವವರು ನೀಲಗಾರರು. ಚಾಮರಾಜನಗರ, ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಜಾಸ್ತಿ. ಮುಂದೆ ಹಾಡುವವರ ಕೈಯಲ್ಲಿ ತಂಬೂರಿ, ಗಲಗಲ ಅನ್ನುವ ಲೋಹದ ಗಗ್ಗರ. ಹಿಮ್ಮೇಳಕ್ಕೆ ಡಕ್ಕೆ ಅನ್ನುವ ಚರ್ಮವಾದ್ಯ, ತಾಳ. ಕಥೆಯನ್ನು ಸಾಲುಗಳಾಗಿ, ಅಂದರೆ ಭಾಗಗಳಾಗಿ ಹಾಡುತ್ತಾರೆ: ಕಲ್ಯಾಣದ ಸಾಲು, ಕೆಂಪಾಚಾರಿ ಸಾಲು, ಹೀಗೆ. ಎಲ್ಲ ಸಾಲನ್ನೂ ಹಾಡುತ್ತೇವೆ ಅಂದರೆ ಒಂದು ರಾತ್ರಿ ಸಾಲದು.

ಆವತ್ತು ಹಾಡಿದ್ದು ಕಲ್ಯಾಣದ ಸಾಲು. ಬಸವಣ್ಣನ ಕಲ್ಯಾಣಕ್ಕೆ ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ ಬರುತ್ತಾನೆ, ಶರಣರನ್ನು ಪರೀಕ್ಷೆ ಮಾಡಲು. ನೊಣ ಮುತ್ತುವ ಮೈ, ನಾತ, ಬಾಗಿಲಲ್ಲಿ ಒದೆ, ಕೊನೆಗೆ ತಿಪ್ಪೆ. ಮೊದಲ ಅರ್ಧ ಗಂಟೆ ಸಭೆ ಚದುರಿದಂತೆಯೇ ಇತ್ತು. ಮಕ್ಕಳು ಓಡಾಡುತ್ತಿದ್ದವು, ಹಿಂದಿನ ಸಾಲಿನವರು ಮನೆ ಬಾಡಿಗೆ ವಿಚಾರ ಮಾತಾಡುತ್ತಿದ್ದರು. ಹಾಡುವವರಿಗೂ ಏನೂ ಅವಸರ ಇರಲಿಲ್ಲ, ಒಂದು ಹಾಡು ಎತ್ತುವುದು, ನಿಲ್ಲಿಸಿ ಒಂದಷ್ಟು ಮಾತು, ಹಿಮ್ಮೇಳದವನೊಬ್ಬ ಅಡ್ಡ ಪ್ರಶ್ನೆ ಹಾಕುವುದು, ನಗು, ಮತ್ತೆ ಹಾಡು. ‘ಸಿದ್ದಯ್ಯ ಸ್ವಾಮಿ ಬನ್ನಿ’ ಅಂತ ಹಿಮ್ಮೇಳ ಎತ್ತಿದಾಗಲೆಲ್ಲ ಇನ್ನಿಷ್ಟು ಜನ ಸುಮ್ಮನಾಗುತ್ತಾ ಹೋದರು. ತಿಪ್ಪೆಯ ಭಾಗ ಬರುವ ಹೊತ್ತಿಗೆ ಬಾಡಿಗೆ ಮಾತು ನಿಂತಿತ್ತು. ಇದೇ ನನ್ನ ಲೆಕ್ಕ: ಇಂಥ ಕಾವ್ಯ ಕೇಳುವವರನ್ನು ಒಳಗೆ ಕರೆದುಕೊಳ್ಳಲಿಕ್ಕೇ ಅರ್ಧ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ‘ಸಾಕು, ಮುಂದಿನ ತಂಡ’ ಅಂದರೆ ನಾವು ಕೇಳಿದ್ದು ಬರೀ ಬಾಗಿಲ ಸದ್ದು.

ಹತ್ತು ಗಂಟೆಗೆ ಇನ್ನೊಂದು ಸಂಗತಿ ನಡೆಯಿತು. ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಕೇಳುವ ಹಾಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಅದು 2000ನೇ ಇಸವಿಯ ನಿಯಮ, ಪಕ್ಕದ ಮನೆಯವರಿಗೆ ಬಾಯಿಪಾಠ. ಬಳಗದವರು ಮೈಕ್ ಆರಿಸಿ ಮೇಳದವರನ್ನು ಕೇಳಿದರು. ಅವರು ವೇದಿಕೆಯಿಂದ ಇಳಿದು ಜಮಖಾನದ ಮೇಲೆ ನಮ್ಮ ಜೊತೆಗೇ ಕೂತು ಹಾಡು ಮುಂದುವರಿಸಿದರು. ಆಗಲೇ ಗೊತ್ತಾಗಿದ್ದು, ಅಲ್ಲಿಯವರೆಗೆ ತಂಬೂರಿ ನಮಗೆ ಕೇಳಿಸಿಯೇ ಇರಲಿಲ್ಲ! ಡಕ್ಕೆಗೆ ಕೊಟ್ಟಿದ್ದ ಮೈಕ್ ಉಳಿದದ್ದನ್ನೆಲ್ಲ ಮುಚ್ಚಿಹಾಕಿತ್ತು. ಮೈಕ್ ಇಲ್ಲದ ಆ ಮುಕ್ಕಾಲು ಗಂಟೆ ಇಡೀ ಋತುವಿನಲ್ಲೇ ಚೆನ್ನಾಗಿತ್ತು. ಅಷ್ಟು ಚಿಕ್ಕ ಭವನಕ್ಕೆ ಮದುವೆ ಮಂಟಪದ ಸ್ಪೀಕರ್ ಯಾಕೆ ಬೇಕು ಅಂತ ಯಾರೋ ಕೇಳಿದರು. ಅದಕ್ಕೆ ಉತ್ತರ ಇರಲಿಲ್ಲ, ಆದರೂ ಮುಂದಿನ ಸಂಜೆಗೂ ಅದೇ ಸ್ಪೀಕರ್ ಬಂತು.

ಊಟದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆ ಐದು ದಿನ ನಡೆಯುತ್ತದೆ, ಅದರಲ್ಲಿ ಒಂದು ದಿನ ಪಂಕ್ತಿಸೇವೆ. ಒಕ್ಕಲಿನವರು ಅಲ್ಲೇ ಮಾಂಸದ ಅಡುಗೆ ಮಾಡಿ, ಜಾತಿ ನೋಡದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ನಮ್ಮ ಭವನದಲ್ಲಿ ಸಸ್ಯಾಹಾರ ಮಾತ್ರ ಅಂತ ಬೋರ್ಡ್ ಇದೆ. ಹಾಗಾಗಿ ನೀಲಗಾರರಿಗೆ ಕೊಟ್ಟಿದ್ದು ವೆಜಿಟೆಬಲ್ ಪಲಾವ್, ಮೊಸರು ಬಜ್ಜಿ. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಕಸಿವಿಸಿ ಆಯಿತು, ತಿಪ್ಪೆಯ ಕಥೆಗೆ ತಲೆದೂಗಿ ಎದ್ದು ಬಂದು ಆ ಬೋರ್ಡಿನ ಕೆಳಗೇ ತಟ್ಟೆ ಹಿಡಿದು ನಿಂತೆವಲ್ಲ ಅಂತ.

ತತ್ವಪದದ, ಅಂದರೆ ಅನುಭಾವಿಗಳು ಕಟ್ಟಿದ ಹಾಡುಗಳ ಸಂಜೆಗೆ ಕಲಬುರಗಿ ಕಡೆಯಿಂದ ಭಜನಾ ಮೇಳ ಬಂದಿತ್ತು. ಏಕತಾರಿ, ದಮ್ಮಡಿ ಅನ್ನುವ ಚಿಕ್ಕ ಚರ್ಮವಾದ್ಯ, ತಾಳ, ಒಂದು ಹಳೆಯ ಹಾರ್ಮೋನಿಯಂ. ಕಡಕೋಳ ಮಡಿವಾಳಪ್ಪನವರ ಪದಗಳು, ಅವರ ಶಿಷ್ಯ ಚೆನ್ನೂರ ಜಲಾಲ ಸಾಹೇಬರ ಪದಗಳು, ಮಧ್ಯೆ ಮಧ್ಯೆ ಶಿಶುನಾಳ ಷರೀಫರು. ಮೈಸೂರಿನವರಿಗೆ ಷರೀಫರು ಅಂದರೆ ಸಿ. ಅಶ್ವತ್ಥ್ ಅವರ ರಾಗ, ಅದು ಬಿಟ್ಟು ಬೇರೆ ಇಲ್ಲ. ಮುಂದೆ ಕೂತಿದ್ದ ಒಬ್ಬರು ‘ಆ ಕ್ಯಾಸೆಟ್ಟಿನ ಧಾಟಿಯಲ್ಲಿ ಹಾಡಿ’ ಅಂತ ಕೇಳಿಯೇಬಿಟ್ಟರು. ಹಾಡುವವರು ನಕ್ಕು, ‘ಅದು ಬ್ಯಾರೆರೀ ಯಜಮಾನ್ರ, ನಮ್ಮೂರಾಗ ಹಿಂಗ ಹಾಡ್ತೇವಿ’ ಅಂದು ತಮ್ಮದೇ ಧಾಟಿಯಲ್ಲಿ ಎತ್ತಿಕೊಂಡರು. ಅಶ್ವತ್ಥ್ ಹಾಡಿದ್ದು ವೇದಿಕೆಗೆ, ಸಾವಿರ ಜನಕ್ಕೆ. ಇವರು ಹಾಡುವುದು ಅಮಾವಾಸ್ಯೆಯ ರಾತ್ರಿ ಮಠದ ಅಂಗಳದಲ್ಲಿ ಸುತ್ತ ಕೂತವರಿಗೆ. ಒಬ್ಬರು ಒಂದು ನುಡಿ ಹೇಳುತ್ತಾರೆ, ಉಳಿದವರು ಅದನ್ನೇ ಎರಡು ಮೂರು ಸಲ ತಿರುಗಿಸುತ್ತಾರೆ, ಅರ್ಥ ಇಳಿಯುವವರೆಗೆ ಬಿಡುವುದಿಲ್ಲ. ಎರಡೂ ಬೇಕು, ಆದರೆ ಎರಡನೆಯದು ಇಲ್ಲಿ ಎಲ್ಲಿ ಸಿಗುತ್ತದೆ? ಒಂದೇ ಕೊರತೆ, ಪದಗಳ ಸಾಲನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಬಹುದಿತ್ತು. ಆ ಸೀಮೆಯ ಮಾತು ಎಲ್ಲರಿಗೂ ಒಂದೇ ಸಲಕ್ಕೆ ಕಿವಿಗೆ ಬೀಳುವುದಿಲ್ಲ.

ಗೀಗೀ ಪದದ ಸಂಜೆ ಮಜಾ ಇತ್ತು. ವಿಜಯಪುರ ಕಡೆಯ ಎರಡು ಮೇಳ, ಒಂದು ಹರದೇಶಿ, ಒಂದು ನಾಗೇಶಿ. ಗಂಡು ಹೆಚ್ಚು ಅನ್ನುವುದು ಹರದೇಶಿಯವರ ವಾದ, ಹೆಣ್ಣು ಹೆಚ್ಚು ಅನ್ನುವುದು ನಾಗೇಶಿಯವರದು. ಡಪ್ಪು, ಒಂಟಿ ತಂತಿಯ ತುಂತುಣಿ, ತಾಳ, ಸವಾಲ್ ಜವಾಬ್. ಇಲ್ಲಿ ಒಂದು ಸಂಜೆಗೆ ಒಂದೇ ಮೇಳ ಅನ್ನುವ ನಿಯಮ ಸಡಿಲಿಸಿದ್ದು ಸರಿಯೇ, ಜಗಳಕ್ಕೆ ಇಬ್ಬರು ಬೇಕಲ್ವಾ. ಸ್ವಾತಂತ್ರ್ಯ ಚಳವಳಿಯಲ್ಲಿ ಬ್ರಿಟಿಷರ ವಿರುದ್ಧ ಊರೂರಿನಲ್ಲಿ ಹಾಡಿದ ಪ್ರಕಾರ ಇದು, ಆಮೇಲೆ ಸರ್ಕಾರ ಕುಟುಂಬ ಯೋಜನೆಯ ಪ್ರಚಾರಕ್ಕೂ ಇದನ್ನೇ ಹಿಡಿಯಿತು. ಆವತ್ತು ನಾಗೇಶಿಯ ಹೆಣ್ಣುಮಗಳು ಸಭೆಯಲ್ಲಿದ್ದ ಗಂಡಸರನ್ನೇ ತೋರಿಸಿ, ಅಕ್ಕಿ ಡಬ್ಬ ಅಡುಗೆಮನೆಯಲ್ಲಿ ಎಲ್ಲಿದೆ ಗೊತ್ತಾ ಅಂತ ಪದ ಕಟ್ಟಿದಳು. ಯಾರಿಗೂ ಗೊತ್ತಿರಲಿಲ್ಲ. ಗೆದ್ದವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನು ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಣ್ಣುಮಕ್ಕಳ ಸಂಜೆ. 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ನೆನಪಿಗೆ ಅಂತ ಇಟ್ಟ ಸಂಜೆ. ಹಾಡುಗಳು ಮದುವೆಯವು, ನಾಟಿಯವು. ವಾದ್ಯ ಇಲ್ಲ. ಇಂಥ ಹಾಡುಗಳನ್ನು ಎರಡು ಗುಂಪಾಗಿ ಕೂತು ಹಾಡುತ್ತಾರೆ, ಈ ಕಡೆಯವರು ಹೇಳಿದ್ದನ್ನು ಆ ಕಡೆಯವರು ಎತ್ತಿಕೊಳ್ಳುತ್ತಾರೆ. ನಮ್ಮವರು ಏನು ಮಾಡಿದರು? ಫೋಟೋ ಚೆನ್ನಾಗಿ ಬರಲಿ ಅಂತ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಮ್ಮ ಕಡೆ ಮುಖ ಮಾಡಿ ಕೂರಿಸಿದರು. ಒಬ್ಬರ ಮುಖ ಒಬ್ಬರಿಗೆ ಕಾಣದೆ ಹಾಡು ಎರಡು ಸಲ ತಪ್ಪಿತು. ಆಮೇಲೆ ಅವರೇ ಎದ್ದು, ಏನೂ ಹೇಳದೆ, ಎದುರುಬದುರಾಗಿ ಕೂತುಬಿಟ್ಟರು. ನಮಗೆ ಬೆನ್ನು ಕಂಡರೂ ಹಾಡು ಸರಿಹೋಯಿತು. ನಾವು ಕೇಳದಿದ್ದರೂ ನಡೆಯುವ ಹಾಡು ಅದು, ನಮ್ಮ ಕಡೆ ಮುಖ ಇರಲೇಬೇಕು ಅಂತ ಏನಿಲ್ಲ.

ಈಗ ಹಾಳಾದ ಸಂಜೆ. ಮಾರ್ಚ್‌ನಲ್ಲಿ ಒಬ್ಬ ಪ್ರಾಯೋಜಕರು ಸಿಕ್ಕಿದರು. ಹೆಸರು ಬೇಡ. ಅವರಿಗೆ ‘ಇಡೀ ಕರ್ನಾಟಕ ಒಂದೇ ವೇದಿಕೆಯಲ್ಲಿ’ ಬೇಕಿತ್ತು. ಎಲ್ಲಮ್ಮನ ಪದಕ್ಕೆ ನುಡಿಸುವ ತಂತಿವಾದ್ಯ ಚೌಡಿಕೆ, ಬೀಸು ಕಂಸಾಳೆ, ಕಿನ್ನರಿ ಜೋಗಿ, ತಮಟೆ, ಗೊರವರ ಕುಣಿತ, ಕೊನೆಗೆ ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಇಟ್ಟುಕೊಂಡ ಒಂದು ‘ಜಾನಪದ ತಂಡ’. ಒಬ್ಬೊಬ್ಬರಿಗೆ ಎಂಟು ನಿಮಿಷ. ನಿರೂಪಣೆಗೆ ಒಬ್ಬರು ಬೇರೆ. ತಮಟೆಯವರು ಬರುವ ಮುಂಚೆ, ತಮಟೆ ಕಲಾವಿದ, ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ವಿಚಾರವನ್ನು ನಿರೂಪಕರು ವಿವರಿಸಿದರು, ನಮ್ಮ ಹೆಮ್ಮೆ ಅಂದರು, ಇನ್ನೊಂದು ಚಪ್ಪಾಳೆ ಅಂದರು. ಸರಿ, ಹೆಮ್ಮೆಯೇ. ಆದರೆ ಆ ಮಾತು ತಮಟೆಗಿಂತ ಜಾಸ್ತಿ ಹೊತ್ತು ತೆಗೆದುಕೊಂಡಿತು. ಚೌಡಿಕೆಯ ಮುಂಚೆಯೂ ಅದೇ, ಮಂಜಮ್ಮ ಜೋಗತಿಯವರಿಗೆ 2021ರ ಪದ್ಮಶ್ರೀ, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, ಎಲ್ಲ ಸರಿ. ಕಡೆಗೆ ಚೌಡಿಕೆ ಹಿಡಿದು ನಿಂತ ಅಮ್ಮ ಎಲ್ಲಮ್ಮನನ್ನು ನೆನೆದು, ಕಥೆಯ ಬಾಗಿಲು ತೆರೆದು, ರೇಣುಕೆ ನೀರಿಗೆ ಹೊರಟಳು ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ನಿಜವಾಗಿ ಗಂಟೆಯೇ, ಶಾಲೆಯಿಂದ ತಂದಿದ್ದು.

ಕಿನ್ನರಿ ಜೋಗಿಯವರ ಕಥೆ ಇನ್ನೂ ಬೇಸರದ್ದು. ಸೋರೆ ಬುರುಡೆ ಕಟ್ಟಿದ ಕಿನ್ನರಿಯನ್ನು ಶ್ರುತಿ ಮಾಡಲಿಕ್ಕೇ ಐದು ನಿಮಿಷ ಹೋಯಿತು, ಹಿಂದೆ ರಿದಂ ಪ್ಯಾಡಿನವನು ಟಕ್ ಟಕ್ ಅಂತ ಪರೀಕ್ಷೆ ಮಾಡುತ್ತಿದ್ದ, ಇವರು ಕಿವಿ ಹತ್ತಿರ ತಂದು ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಮಹಾಭಾರತದ ಕಥೆಗಳನ್ನು ಊರೂರು ಸುತ್ತಿ ಹಾಡುವ ಪರಂಪರೆಯ ಮನುಷ್ಯ ಅವರು. ಮೂರು ನಿಮಿಷದಲ್ಲಿ ಮುಗಿಸಿ ಕೆಳಗಿಳಿದರು. ಕೊನೆಯ ತಂಡ ಸಿನಿಮಾ ಹಾಡಿನ ಬೀಟಿಗೆ ಮಾದೇಶ್ವರನ ಪದ ಹಾಕಿ ಹುಡುಗರನ್ನು ಕುಣಿಸಿತು. ಅದಕ್ಕೆ ಜನ ತುಂಬಾ ಖುಷಿಪಟ್ಟರು, ಸುಳ್ಳು ಹೇಳಬಾರದು. ಆದರೆ ಅದು ಗಣಪತಿ ಪೆಂಡಾಲಿನಲ್ಲಿ ಹೇಗೂ ಸಿಗುತ್ತದೆ, ಅದಕ್ಕೆ ಈ ಬಳಗ ಯಾಕೆ ಬೇಕು?

ಬಳಗದವರಿಗೂ ಇದು ಗೊತ್ತಾಯಿತು ಅನ್ನಿಸುತ್ತದೆ. ಏಪ್ರಿಲ್ ಸಂಜೆಗೆ ಪ್ರಾಯೋಜಕರೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಅದೇ ಕಿನ್ನರಿ ಜೋಗಿಯವರನ್ನು ಮತ್ತೆ ಕರೆಸಿದ್ದರು, ಪೂರ್ತಿ ಸಂಜೆ ಅವರದೇ. ಬಂದವರು ಮಾರ್ಚ್‌ಗಿಂತ ಅರ್ಧದಷ್ಟೂ ಇರಲಿಲ್ಲ. ಹಾಡು ಮಾತ್ರ ಅವರದೇ ಹದದಲ್ಲಿ ನಡೆಯಿತು, ಮಧ್ಯೆ ಕಾಫಿ ಕುಡಿದು ಮತ್ತೆ ಶ್ರುತಿ ಮಾಡಿಕೊಂಡರು, ಆ ಶ್ರುತಿ ಮಾಡುವುದನ್ನೂ ಮಕ್ಕಳು ಹತ್ತಿರ ಕೂತು ನೋಡಿದರು. ಇಂಥ ವಾದ್ಯಗಳನ್ನು ನಿಧಾನವಾಗಿ ನೋಡಬೇಕಿದ್ದರೆ ರಾಮನಗರದ ಹತ್ತಿರ, ಬೆಂಗಳೂರು ರಸ್ತೆಯಲ್ಲಿ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ರಜೆಯಲ್ಲಿ ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ, ಗಾಜಿನ ಹಿಂದೆ ನೋಡಿದ್ದಕ್ಕೂ ಕೈಯಲ್ಲಿ ಹಿಡಿದವರನ್ನು ನೋಡಿದ್ದಕ್ಕೂ ವ್ಯತ್ಯಾಸ ಅವಕ್ಕೇ ತಿಳಿಯುತ್ತದೆ.

ದುಡ್ಡಿನ ವಿಚಾರದಲ್ಲಿ ಬಳಗಕ್ಕೆ ಪೂರ್ತಿ ಅಂಕ. ಟಿಕೆಟ್ ಇಲ್ಲ, ಬಾಗಿಲಲ್ಲಿ ಒಂದು ಹುಂಡಿ, ಪಕ್ಕದಲ್ಲಿ ಕ್ಯೂಆರ್ ಕೋಡ್. ಮೇಳದವರಿಗೆ ಊಟಕ್ಕೆ ಮುಂಚೆಯೇ ಸಂಭಾವನೆ ಕೈಗೆ ಕೊಡುತ್ತಾರೆ, ಬಸ್ ಖರ್ಚು ಬೇರೆ. ‘ಚೆಕ್ ಆಮೇಲೆ ಬರುತ್ತದೆ’ ಅನ್ನುವ ಮಾತೇ ಇಲ್ಲ. ಯಾವ ಸಂಜೆಗೆ ಎಷ್ಟು ಬಂತು, ಎಷ್ಟು ಹೋಯಿತು ಅಂತ ಮರುದಿನ ಭವನದ ನೋಟಿಸ್ ಬೋರ್ಡಿನಲ್ಲಿ ಕೈಬರಹದ ಚೀಟಿ ಅಂಟಿಸಿರುತ್ತಾರೆ. ಇಷ್ಟು ಮಾಡುವ ಸಂಘಗಳು ಎಷ್ಟಿವೆ?

ಸೌಕರ್ಯದಲ್ಲಿ ಅಂಕ ಕಡಿಮೆ. ಶೌಚಾಲಯ ಒಂದೇ, ಅದರ ಬಲ್ಬ್ ನಾಲ್ಕು ತಿಂಗಳಾದರೂ ಹಾಕಲಿಲ್ಲ. ವಯಸ್ಸಾದವರಿಗೆ ಕುರ್ಚಿ ಹಿಂದೆ ಹಾಕುತ್ತಾರೆ, ಅಲ್ಲಿಗೆ ಫ್ಯಾನಿನ ಸದ್ದು ಹಾಡಿಗಿಂತ ಜಾಸ್ತಿ. ಗೋಡೆ ಪಕ್ಕಕ್ಕೆ ಹಾಕಿದರೆ ಮುಗಿಯಿತು. ಆರು ಗಂಟೆ ಅಂತ ಬರೆದು ಏಳಕ್ಕೆ ಶುರು ಮಾಡುವುದು ಬಿಡಬೇಕು, ಯಾಕೆಂದರೆ ಆ ಒಂದು ಗಂಟೆ ಕಳೆದುಹೋಗುವುದು ಮೇಳದವರ ಹಾಡಿನಿಂದ, ಹತ್ತು ಗಂಟೆ ಅಂತೂ ಹತ್ತಕ್ಕೇ ಆಗುತ್ತದೆ.

ಮುಂದಿನ ಋತುವಿಗೆ ಯಲ್ಲಾಪುರದ ಸಿದ್ದಿಯರ ಡಮಾಮಿ ಕುಣಿತ, ತುಳುನಾಡಿನ ಕಥನಗೀತೆ ಪಾಡ್ದನ ಕರೆಸುವ ಮಾತಿದೆ. ಪಾಡ್ದನಕ್ಕೆ ತುಳು ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ, ನಡುನಡುವೆ ಎರಡು ಮಾತಿನಲ್ಲಿ ಕಥೆ ಹೇಳಿಸಿದರೆ ಸಾಕು, ನಿರೂಪಕರು ಬೇಡ. ಹೋಗುವವರು ಮನೆಯಿಂದ ಒಂದು ದಿಂಬು ತೆಗೆದುಕೊಂಡು ಹೋಗಿ, ಜಮಖಾನ ತೆಳು. ವೇದಿಕೆಯ ಎಡಗಡೆ ಕೂರಿ, ಬಲಗಡೆ ಆ ಸ್ಪೀಕರ್ ಇರುತ್ತದೆ.