ಕೈಲ್ ಪೊಳ್ದ್‌ಗೆ ಮುಂಚೆ ಕೋವಿಯ ಮರಕ್ಕೆ ಪಾಲಿಶ್ ಮಾಡಿಸುವವರು ದಯವಿಟ್ಟು ಓದಿ

ಆಗಸ್ಟ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಸೆಪ್ಟೆಂಬರ್ ಶುರುವಿನಲ್ಲೇ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬ. ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗೆ ಇಡುವ ಕೋವಿ ಬೂಷ್ಟು ಹಿಡಿದು ಮಂಕಾಗಿದ್ದರೆ ಯಾರಿಗೆ ತಾನೇ ಇಷ್ಟ? ನಳಿಗೆ ಒರೆಸುವ ಜೊತೆಗೆ ಮರಕ್ಕೂ ಒಂದು ಪಾಲಿಶ್ ಆಗಲಿ ಅಂತ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಹಾಗೆ ಪಾಲಿಶ್ ಮಾಡಿಸಿದ ಮೇಲೆ ಅಜ್ಜನ ಕಾಲದ ಜೋಡುನಳಿಗೆ ಕೋವಿಯ ಮರ ಸೀಳಿತು. ಸ್ಟೋರ್ ರೂಮಿಗೆ ಬೆಂಕಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಕೆಲಸಕ್ಕೆ ಬಂದವರು ಬಾಗಿಲು, ಸೋಫಾಗಳಿಗೆ ಪಾಲಿಶ್ ಮಾಡುವವರು. ದೊಡ್ಡಪ್ಪ ನಳಿಗೆ ಮತ್ತು ಕಬ್ಬಿಣದ ಭಾಗಗಳನ್ನೆಲ್ಲ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಮರ ಮಾತ್ರ ಕೊಟ್ಟಿದ್ದರು. ಕೋವಿ ರಿಪೇರಿ ಮಾಡುವವರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸನ್ಸ್ ಬೇಕು. ಕೋವಿ ಇಟ್ಟುಕೊಳ್ಳಲು ಕೊಡವರಾದ ನಮಗೆ ಲೈಸನ್ಸ್‌ನಿಂದ ವಿನಾಯಿತಿ ಇದೆ ಅಂದ ಮಾತ್ರಕ್ಕೆ ಪೂರ್ತಿ ಕೋವಿಯನ್ನು ಕಂಡವರ ಕೈಗೆ ಕೊಡುವ ಹಾಗಿಲ್ಲ. ಆ ಮಟ್ಟಿಗೆ ದೊಡ್ಡಪ್ಪ ಸರಿಯಾಗೇ ಮಾಡಿದ್ದರು.

ಪಾಲಿಶ್‌ಗೆ ಬಂದ ಆ ಮನುಷ್ಯ ಮೊದಲು ಹಳೇ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ನೀರು ಹಚ್ಚಿದ. ನಮ್ಮ ಕೋವಿಯದು ಅಕ್ರೋಟು, ಅಂದರೆ ವಾಲ್‌ನಟ್ ಮರ. ಹಳೇ ತೋಟಾ ಕೋವಿಗಳಲ್ಲಿ ಜಾಸ್ತಿ ಇರುವುದು ಇದೇ. ಕಾಸ್ಟಿಕ್ ತಾಗಿದರೆ ಈ ಮರ ಕಪ್ಪಾಗುತ್ತದೆ, ಮೇಲಿನ ಎಳೆ ನೆಂದು ಮೆತ್ತಗಾಗುತ್ತದೆ. ಕಪ್ಪು ಹೋಗಲಿ ಅಂತ ಆತ ಸ್ಯಾಂಡಿಂಗ್ ಮಷಿನ್ ಹಿಡಿದ. ಹಿಡಿತಕ್ಕೆಂದು ಕೊರೆದಿದ್ದ ಚೌಕಳಿ ಗೆರೆಗಳು ಅಲ್ಲೇ ಸವೆದುಹೋದವು. ಕಬ್ಬಿಣ ಕೂರುವ ಒಳಗಿನ ತೋಡನ್ನೂ ಉಪ್ಪುಕಾಗದದಲ್ಲಿ ಉಜ್ಜಿ, ಒಳಗೂ ಹೊರಗೂ ವಾರ್ನಿಷ್ ಬಳಿದ. ನೋಡಲು ಫಳಫಳ ಹೊಳೆಯುತ್ತಿತ್ತು, ನಿಜ.

ಮುಖ್ಯವಾದ ಮಾತು ಆ ತೋಡಿನದು. ಈಡು ಹೊಡೆದಾಗ ಹಿಂದಕ್ಕೆ ಬರುವ ಒದೆತವನ್ನೆಲ್ಲ ಈ ಮರವೇ ತಡೆದುಕೊಳ್ಳಬೇಕು. ಕಬ್ಬಿಣದ ಹಿಂಬದಿ ಮರಕ್ಕೆ ಎಲ್ಲ ಕಡೆಯೂ ಸಮವಾಗಿ ಒತ್ತಿ ಕೂತಿದ್ದರೆ ಒದೆತ ಹಂಚಿಹೋಗುತ್ತದೆ. ಉಜ್ಜಿ ಸಡಿಲವಾದರೆ ಹಂಚಿಹೋಗುವುದಿಲ್ಲ. ಕೈ ಹಿಡಿಯುವ ಸಪೂರ ಭಾಗದ ಕಡೆಗೆ ಚಾಚಿರುವ ಕಬ್ಬಿಣದ ನಾಲಿಗೆ ಇದೆಯಲ್ಲ, ಅದು ಪ್ರತಿ ಈಡಿಗೂ ಮರದ ಮೇಲೆ ಬೆಣೆ ಹೊಡೆದ ಹಾಗೆ ಕೆಲಸ ಮಾಡುತ್ತದೆ. ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ದಿನ ನಮ್ಮ ಕೋವಿ ಸೀಳಿದ್ದು ಸರಿಯಾಗಿ ಆ ನಾಲಿಗೆಯ ಹಿಂದೆಯೇ. ಕೂದಲೆಳೆಯಷ್ಟು ಗೆರೆ. ಮೊದಲು ವಾರ್ನಿಷ್ ಬಿರಿದಿರಬೇಕು ಅಂದುಕೊಂಡರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಗೇ ಹೊಡೆಯುವುದನ್ನು ನಿಲ್ಲಿಸಿದೆವು. ಇನ್ನೂ ನಾಲ್ಕು ಈಡು ಹೊಡೆದಿದ್ದರೆ ಹಿಡಿದವರ ಕೈ ಏನಾಗುತ್ತಿತ್ತೋ!

ಬೆಂಕಿಯದು ಇನ್ನೊಂದು ಕಥೆ. ವಾರ್ನಿಷ್‌ಗೆ ಮೊದಲು ಆತ ಅಗಸೆ ಎಣ್ಣೆ ಹಚ್ಚಿ, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಗೋಣಿಚೀಲಕ್ಕೆ ತುಂಬಿ ಸೌದೆ ಪಕ್ಕ ಇಟ್ಟು ಹೋಗಿದ್ದ. ರಾತ್ರಿ ಸುಟ್ಟ ಎಣ್ಣೆಯ ವಾಸನೆ ಬಂತು. ಹೋಗಿ ನೋಡಿದರೆ ಚೀಲದ ನಡುವೆ ಕಪ್ಪಗೆ ಕರಕಲಾಗಿ ಹೊಗೆಯಾಡುತ್ತಿತ್ತು. ಕಿಡಿ ಇಲ್ಲ, ಒಲೆ ಇಲ್ಲ. ಅಗಸೆ ಎಣ್ಣೆ ಒಣಗುವುದೇ ಗಾಳಿಯ ಆಮ್ಲಜನಕದ ಜೊತೆ ಸೇರಿ. ಆಗ ಬಿಸಿ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಏರುತ್ತಾ ಏರುತ್ತಾ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮಕ್ಕಳು ಮಲಗಿದ್ದ ಕೋಣೆ ಗೋಡೆಯಾಚೆಗೇ ಇತ್ತು. ಮೇಜು, ಕುರ್ಚಿ ಯಾವುದಕ್ಕೇ ಅಗಸೆ ಎಣ್ಣೆ ಬಳಸಿದರೂ ಆ ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಹಾಗಾದರೆ ಮರವನ್ನು ಹಾಗೇ ಬಿಡಬೇಕಾ? ಬೇಡ. ಆದರೆ ಎಷ್ಟೋ ಸಲ ನಮಗೆ ಕಾಣುವುದು ಬರೀ ಕೊಳೆ ಮತ್ತು ಹಳೇ ಎಣ್ಣೆ. ಕೋವಿ ಖಾಲಿ ಇದೆಯಾ ಅಂತ ಎರಡೆರಡು ಸಲ ನೋಡಿ. ಟರ್ಪೆಂಟೈನ್ ಅದ್ದಿ ಹಿಂಡಿದ ಬಟ್ಟೆಯಲ್ಲಿ ಮರ ಒರೆಸಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸಣ್ಣ ತಗ್ಗು ಬಿದ್ದಿದ್ದರೆ ಉಜ್ಜಬೇಡಿ. ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಹಬೆಗೆ ಎಳೆ ಉಬ್ಬಿ ಮೇಲೇಳುತ್ತದೆ. ಎಳೆ ತುಂಡಾಗಿದ್ದರೆ ಮಾತ್ರ ಏಳುವುದಿಲ್ಲ. ಕೊನೆಗೆ ಕೆಲವೇ ಹನಿ ಅಗಸೆ ಎಣ್ಣೆ ಅಂಗೈಯಲ್ಲಿ ತಿಕ್ಕಿ, ಮಿಕ್ಕಿದ್ದನ್ನು ಪೂರ್ತಿ ಒರೆಸಿ. ದಪ್ಪ ಹಚ್ಚಿದರೆ ಅಂಟಂಟಾಗುತ್ತದೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಈ ಕೆಲಸಕ್ಕೆ ಜನವರಿ, ಫೆಬ್ರವರಿಯ ಬಿಸಿಲೇ ಸರಿ. ಹಬ್ಬಕ್ಕೆ ಒರೆಸಿದರೆ ಸಾಕು.

ಕಬ್ಬಿಣದ ಹತ್ತಿರ ಮರ ಕಪ್ಪಾಗಿ ಜಿಡ್ಡಾಗಿದ್ದರೆ ಅದು ನಳಿಗೆಯ ಕಡೆಯಿಂದ ವರ್ಷಗಟ್ಟಲೆ ಇಳಿದ ಎಣ್ಣೆ. ಮರವನ್ನು ಮೆತ್ತಗೆ ಮಾಡುವುದೂ ಅದೇ. ಎಣ್ಣೆ ಹಾಕಿದ ಮೇಲೆ ಸ್ವಲ್ಪ ದಿನ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿದರೆ ಮರಕ್ಕೆ ಇಳಿಯುವುದಿಲ್ಲ.

ಈಗಾಗಲೇ ಮಷಿನ್ ಹಿಡಿಸಿದವರು ಇದ್ದರೆ, ಆ ಕೋವಿಯಲ್ಲಿ ಈಡು ಹೊಡೆಯಬೇಡಿ. ನಾಲಿಗೆಯ ಹಿಂದೆ ಸ್ಪಿರಿಟ್ ಸವರಿ ನೋಡಿ. ಸುತ್ತ ಬೇಗ ಆರಿ, ಬಿರುಕಿದ್ದ ಕಡೆ ಮಾತ್ರ ಒದ್ದೆ ಗೆರೆ ಉಳಿಯುತ್ತದೆ. ಗೆರೆ ಕಾಣದಿದ್ದರೂ ಲೈಸನ್ಸ್ ಇರುವ ಗನ್‌ಸ್ಮಿತ್‌ಗೆ ಒಮ್ಮೆ ತೋರಿಸಿ. ಅವರು ಕಬ್ಬಿಣಕ್ಕೆ ಮಸಿ ಸವರಿ ಕೂರಿಸಿ ತೆಗೆದು, ಮರ ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಅಂತ ಹೇಳುತ್ತಾರೆ. ನಮ್ಮದು ಈಗ ಅಂಥವರ ಬಳಿಯೇ ಇದೆ. ಬಿರುಕಿಗೆ ಎಪಾಕ್ಸಿ ತುಂಬಬಹುದು, ಚೌಕಳಿ ಗೆರೆ ಮತ್ತೆ ಕೊರೆಯಬಹುದು ಅಂದಿದ್ದಾರೆ. ಸವೆದು ಕಬ್ಬಿಣಕ್ಕಿಂತ ತಗ್ಗಾದ ಅಂಚನ್ನು ಮಾತ್ರ ಮೊದಲಿನ ಹಾಗೆ ಮಾಡಲು ಆಗುವುದಿಲ್ಲವಂತೆ.